ಹತ್ತು ಪದಗಳ ಭಕ್ತಿ

ಮಕ್ಕಳ ಹಣೆಗೆ ಅಂಟಿಸುವ ಬಂಗಾರ ಬಣ್ಣದ ನಕ್ಷತ್ರದ ಮೇಲೆ ನನಗೀಗ ವೈಯಕ್ತಿಕ ದ್ವೇಷವಿದೆ. ದಾವಣಗೆರೆಯ ಮೇ ತಿಂಗಳ ಸೆಕೆಗೆ ಅದು ಹಣೆಯ ಮೇಲೆ ನಿಲ್ಲುವುದೇ ಇಲ್ಲ. ಬೆವರಿನ ಜೊತೆ ಮೂಗಿಗೆ ಇಳಿಯುತ್ತದೆ, ಅಲ್ಲಿಂದ ಪಕ್ಕದವನ ಬೆನ್ನಿಗೆ, ಕೊನೆಗೆ ನನ್ನ ದುಪಟ್ಟಾಕ್ಕೆ. ಆಮೇಲೆ ಅದು ಯಾರ ನಕ್ಷತ್ರ ಎಂಬ ದಾವೆ. ನ್ಯಾಯಾಧೀಶೆ ನಾನೇ, ಸಂಬಳವಿಲ್ಲ. ರಜಾ ಬೈಬಲ್ ಶಾಲೆ ಮುಗಿದ ಮೇಲೂ ಬಟ್ಟೆ ತೊಳೆದ ನೀರಿನಲ್ಲಿ ಮಿನುಗು ತೇಲುತ್ತಿದೆ.

ವಿ.ಬಿ.ಎಸ್., ಅಂದರೆ ಬೇಸಿಗೆ ರಜೆಯಲ್ಲಿ ಚರ್ಚು ಮಕ್ಕಳಿಗಾಗಿ ನಡೆಸುವ ಈ ವೆಕೇಶನ್ ಬೈಬಲ್ ಸ್ಕೂಲಿನ ದಿನಚರಿ ಇಷ್ಟೇ: ಪ್ರಾರ್ಥನೆ, ಅಭಿನಯ ಗೀತೆ, ಕಥೆ, ಕರಕುಶಲ, ತಿಂಡಿ, ಚಪ್ಪಲಿ ಅದಲುಬದಲು. ‘ರಜೆಯಲ್ಲಿ ಮನೆಯಲ್ಲೇ ಇದ್ದೀಯಲ್ಲ’ ಎಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಗುಂಪಿನ ಅಕ್ಕನನ್ನಾಗಿ ನೇಮಿಸಿದ್ದರು. ಚರ್ಚಿನ ಮಕ್ಕಳಷ್ಟೇ ಅಲ್ಲ, ಬೀದಿಯ ಮಕ್ಕಳೆಲ್ಲ ಬರುತ್ತಾರೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಮನೆ ತಣ್ಣಗಿರುತ್ತದೆ ಎಂದರೆ ಯಾವ ಧರ್ಮದ ತಾಯಿ ತಾನೇ ಬೇಡವೆನ್ನುತ್ತಾಳೆ? 1898ರಲ್ಲಿ ನ್ಯೂಯಾರ್ಕಿನಲ್ಲಿ ಒಬ್ಬ ಮಹಿಳೆ ಬೀದಿಯಲ್ಲಿ ಅಲೆಯುವ ಮಕ್ಕಳಿಗಾಗಿ ಬಿಯರ್ ಅಂಗಡಿಯೊಂದನ್ನು ಬಾಡಿಗೆಗೆ ಹಿಡಿದು ಇಂಥದೇ ಶಾಲೆ ನಡೆಸಿದ್ದರಂತೆ. ಬಿಯರ್ ಅಂಗಡಿಯಾದರೆ ಒಳಗೆ ತಂಪಾದರೂ ಇದ್ದೀತು. ನಮ್ಮದು ತಗಡಿನ ಶೀಟು ಹೊದಿಸಿದ ಸಭಾಂಗಣ. ಕರೆಂಟು ಸರಿಯಾಗಿ ಕಥೆಯ ಹೊತ್ತಿಗೇ ಹೋಗುತ್ತಿತ್ತು. ಬೈಬಲಿನ ಪ್ರವಾದಿ ಯೋನನನ್ನು ನುಂಗಿದ ದೊಡ್ಡ ಮೀನು ಕುಂದವಾಡ ಕೆರೆಯಲ್ಲಿ ಹಿಡಿಸುತ್ತದೆಯೇ ಎಂಬ ಚರ್ಚೆಯಲ್ಲಿ ಒಂದು ಬೆಳಗು ಪೂರ್ತಿ ಕಳೆದುಹೋಯಿತು. ಕೊನೆಗೆ ಯೋನನ ಗತಿ ಏನಾಯಿತು ಎಂದು ಒಬ್ಬರೂ ಕೇಳಲಿಲ್ಲ.

ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಕಂಠಪಾಠ.

ದಿನಕ್ಕೊಂದು ಬೈಬಲ್ ವಾಕ್ಯ ಬಾಯಿಪಾಠ ಒಪ್ಪಿಸಿದರೆ ಒಂದು ನಕ್ಷತ್ರ, ಹೆಚ್ಚು ನಕ್ಷತ್ರ ಗಳಿಸಿದವರಿಗೆ ಸಮಾರೋಪದಲ್ಲಿ ಟಿಫಿನ್ ಡಬ್ಬಿ. ನಿಟುವಳ್ಳಿ ಕಡೆಯಿಂದ ಬರುತ್ತಿದ್ದ ಎಂಟು ವರ್ಷದ ಪೋರನೊಬ್ಬ ನನ್ನ ಗುಂಪಿನಲ್ಲಿದ್ದ. ಮೊದಲ ದಿನವೇ ಎದ್ದು ನಿಂತು ಕೈಕಟ್ಟಿ, ‘ಯೇಸು ಕಣ್ಣೀರು ಬಿಟ್ಟನು’ ಎಂದು ಹೇಳಿ ಹಣೆ ಒಡ್ಡಿದ. ಬೈಬಲಿನ ಅತಿ ಚಿಕ್ಕ ವಚನವೆಂದು ಹೆಸರಾದದ್ದು ಅದೇ. ನಕ್ಷತ್ರ ಅಂಟಿಸಿದೆ. ಮರುದಿನ ಅದೇ ವಾಕ್ಯವನ್ನು ಗದ್ಗದ ಕಂಠದಲ್ಲಿ ಹೇಳಿದ. ‘ನಿನ್ನೆ ಇದನ್ನೇ ಹೇಳಿದ್ದೆಯಲ್ಲ’ ಎಂದರೆ, ‘ಮರೆತಿಲ್ಲ ಎಂದು ತೋರಿಸಬೇಡವೇ ಅಕ್ಕಾ?’ ಎಂದ. ಅದರ ಮರುದಿನ ರಾಗವಾಗಿ ಹಾಡಿದ. ಅಷ್ಟರಲ್ಲಿ ಗುಂಪಿಗೆಲ್ಲ ಸುದ್ದಿ ಹಬ್ಬಿತ್ತು. ಸಾಲಾಗಿ ಎದ್ದು ನಿಂತು ಒಬ್ಬರಾದ ಮೇಲೊಬ್ಬರು ಯೇಸುವಿನ ಕಣ್ಣೀರು ಹರಿಸಿದರು. 176 ವಚನಗಳ 119ನೆಯ ಕೀರ್ತನೆಯೂ ಅದೇ ಪುಸ್ತಕದಲ್ಲಿದೆ. ಅತ್ತ ಒಬ್ಬರೂ ತಲೆ ಹಾಕಲಿಲ್ಲ.

ಉಸ್ತುವಾರಿಯ ಹಿರಿಯ ಅಕ್ಕನಿಗೆ ದೂರು ಕೊಟ್ಟೆ. ಅವರು ಎಲ್ಲ ಸಮಸ್ಯೆಗಳನ್ನೂ ಕಪ್ಪು ಹಲಗೆಯ ಮೇಲೆ ಬಗೆಹರಿಸುವವರು. ‘ಇನ್ನು ಮುಂದೆ ಕನಿಷ್ಠ ಹತ್ತು ಪದ’ ಎಂದು ಬರೆದು, ಅಡಿಗೆರೆ ಎಳೆದು, ಕೈಯ ಪುಡಿ ಕೊಡವಿಕೊಂಡು ಹೋದರು. ನನ್ನ ಪೋರ ಹಲಗೆಯನ್ನು ದಿಟ್ಟಿಸಿದ. ಬೆರಳು ಮಡಚಿದ, ಬಿಡಿಸಿದ, ಮತ್ತೆ ಮಡಚಿದ. ಆಮೇಲೆ ಎದ್ದು ನಿಂತು, ಒಂದೊಂದು ಪದಕ್ಕೂ ಒಂದೊಂದು ಬೆರಳು ನನ್ನ ಮುಖದ ಮುಂದೆ ಎತ್ತುತ್ತ ಒಪ್ಪಿಸಿದ: ‘ಯೋಹಾನನು ಬರೆದ ಸುವಾರ್ತೆ ಹನ್ನೊಂದನೆಯ ಅಧ್ಯಾಯ ಮೂವತ್ತೈದನೆಯ ವಚನ ಯೇಸು ಕಣ್ಣೀರು ಬಿಟ್ಟನು.’ ಕೈಗಳೆರಡೂ ಭರ್ತಿ. ಇವನು ಮುಂದೆ ತೆರಿಗೆ ಸಲಹೆಗಾರನಾಗದಿದ್ದರೆ ಊರಿನ ವ್ಯಾಪಾರಸ್ಥರಿಗೇ ನಷ್ಟ.

ಆ ದಿನ ಬೇಕೆಂದೇ ಲಾಜರನ ಕಥೆ ಹೇಳಿದೆ. ಅಷ್ಟು ಸಲ ಹೇಳುವವನಿಗೆ ಯೇಸು ಅತ್ತದ್ದು ಏಕೆಂದಾದರೂ ಗೊತ್ತಿರಲಿ ಎಂಬ ಸಿಟ್ಟು. ಗೆಳೆಯ ಸತ್ತು ನಾಲ್ಕು ದಿನವಾಗಿತ್ತು, ಅವನ ಸಹೋದರಿಯರು ಅಳುತ್ತಿದ್ದರು, ಯೇಸು ಬಂದು ಅವನನ್ನು ಸಮಾಧಿಯಿಂದ ಎಬ್ಬಿಸಿದ. ಪೋರ ಕೈ ಎತ್ತಿದ: ‘ಎಬ್ಬಿಸುತ್ತೇನೆ ಎಂದು ಗೊತ್ತಿದ್ದ ಮೇಲೆ ಅತ್ತದ್ದು ಯಾಕೆ?’

ನಾನು ಉತ್ತರಕ್ಕೆ ತಡಕಾಡುತ್ತಿದ್ದಾಗ, ಅದುವರೆಗೆ ತುಟಿ ಬಿಚ್ಚದೆ ಬಾಗಿಲ ಬಳಿ ಕೂರುತ್ತಿದ್ದ ಹುಡುಗಿಯೊಬ್ಬಳು, ‘ಅವರೆಲ್ಲ ಅಳುತ್ತಿದ್ದರಲ್ಲ, ಅದಕ್ಕೇ’ ಎಂದಳು. ಪೋರ ಸ್ವಲ್ಪ ಯೋಚಿಸಿ, ‘ನಮ್ಮ ಅಮ್ಮ ಅತ್ತರೆ ನನಗೂ ಹಾಗೇ ಆಗುತ್ತದೆ’ ಎಂದ. ಶೀಟಿನ ಕೆಳಗೆ ಒಂದು ಕ್ಷಣ ಯಾರೂ ಗಲಾಟೆ ಮಾಡಲಿಲ್ಲ. ಈ ಮಕ್ಕಳ ಮನೆಗಳಲ್ಲಿ ಏನೇನು ನಡೆಯುತ್ತದೋ, ನಾವು ಬಣ್ಣದ ಕಾಗದ ಕತ್ತರಿಸಿ ಕೊಟ್ಟು ಕಳಿಸುತ್ತೇವೆ ಎನ್ನಿಸಿತು. ಅಷ್ಟರಲ್ಲಿ ಅವನೇ ಕೇಳಿದ: ‘ಇದಕ್ಕೂ ನಕ್ಷತ್ರ ಉಂಟಾ ಅಕ್ಕಾ?’

ಡಬ್ಬಿ ಅವನಿಗೇ ಹೋಯಿತು. ಸಮಾರೋಪ ಮುಗಿದು ಅಮ್ಮಂದಿರೆಲ್ಲ ಹೊರಟ ಮೇಲೆ, ನಾನು ಒಡೆದ ಗಂಟಲಿನಲ್ಲಿ ಯಾರನ್ನೂ ಬೈಯಲಾಗದೆ, ಚೆಲ್ಲಿದ ಮಂಡಕ್ಕಿಯನ್ನೂ ಮಿನುಗನ್ನೂ ಒಟ್ಟಿಗೆ ಗುಡಿಸುತ್ತಿದ್ದೆ. ಅವನು ಡಬ್ಬಿ ಕಂಕುಳಲ್ಲಿಟ್ಟುಕೊಂಡು ಓಡಿ ಬಂದ. ಪಾಸ್ಟರ್ ಮಾಮ ಇನ್ನೂ ಚಿಕ್ಕ ವಾಕ್ಯವೊಂದನ್ನು ಹೇಳಿಕೊಟ್ಟಿದ್ದಾರಂತೆ, ಬರುವ ವರ್ಷಕ್ಕೆ. ಡಬ್ಬಿಯನ್ನು ನೆಲಕ್ಕಿಟ್ಟು ಬೆರಳು ಎತ್ತತೊಡಗಿದ: ‘ಥೆಸಲೊನೀಕದವರಿಗೆ ಬರೆದ ಮೊದಲನೆಯ ಪತ್ರಿಕೆ ಐದನೆಯ ಅಧ್ಯಾಯ ಹದಿನಾರನೆಯ ವಚನ ಯಾವಾಗಲೂ ಸಂತೋಷಿಸಿರಿ.’

ಪೊರಕೆ ಹಿಡಿದೇ ಎಣಿಸಿದೆ. ಸರಿಯಾಗಿ ಹತ್ತು.