ಹಡಗು ಒಡೆಯುತ್ತೆ ಅಂತ ಗೊತ್ತಿದ್ದೂ ಊಟ ಮಾಡಿ ಅಂದ ಪೌಲ

ನಮ್ಮ ಚರ್ಚ್ ಸಭೆಯವರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಬೆಳಗಾದ್ರೆ ಒಂದು ಮೆಸೇಜ್ ಬರುತ್ತೆ, ಭಯಪಡಬೇಡ, ನಿಜವಾದ ನಂಬಿಕೆ ಇರೋರಿಗೆ ಭಯನೇ ಬರಲ್ಲ ಅಂತ. ಮೊದಲನೇ ಮಾತು ಬೈಬಲ್‌ನಲ್ಲಿದೆ, ಎರಡನೇದು ನಾವು ಸೇರಿಸ್ಕೊಂಡಿದ್ದು. ಸ್ಕ್ಯಾನ್ ರಿಪೋರ್ಟ್ ಕೈಯಲ್ಲಿ ಹಿಡ್ಕೊಂಡು ನಡುಗ್ತಾ ಇರೋರಿಗೆ ಕಾಯಿಲೆ ಜೊತೆಗೆ ನನ್ನ ವಿಶ್ವಾಸನೇ ಕಮ್ಮಿಯಾಯ್ತೇನೋ ಅನ್ನೋ ಕೊರಗು ಬೇರೆ ಯಾಕೆ ಅಂಟಿಸ್ಬೇಕು?

ದಯವಿಟ್ಟು ಬೈಬಲ್‌ನ ಅಪೊಸ್ತಲರ ಕೃತ್ಯಗಳು ಅನ್ನೋ ಪುಸ್ತಕದ 27ನೇ ಅಧ್ಯಾಯ ಒಂದ್ಸಲ ನಿಧಾನವಾಗಿ ಓದಿ. ಯೇಸುವಿನ ವಿಷಯ ಸಾರ್ತಿದ್ದ ಪೌಲನ್ನ ಕೈದಿ ಮಾಡಿ ಹಡಗಲ್ಲಿ ರೋಮ್‌ಗೆ ಕರ್ಕೊಂಡು ಹೋಗ್ತಿದ್ದಾರೆ, ಈಗ ಹೊರಡೋದು ಅಪಾಯ ಅಂತ ಅವನು ಹೇಳಿದ್ರೂ ಕಾವಲಿಗಿದ್ದ ರೋಮನ್ ಸೇನಾಧಿಕಾರಿ, ಅಂದ್ರೆ ಶತಾಧಿಪತಿ, ಕೇಳ್ಲಿಲ್ಲ, ಕ್ರೇತ ದ್ವೀಪ ದಾಟೋವಾಗ ಬಿರುಗಾಳಿ ಹಿಡ್ಕೊಳ್ತು. ಹಡಗು ಬಿಚ್ಚಿಹೋಗ್ಬಾರ್ದು ಅಂತ ಸುತ್ತ ಹಗ್ಗ ಬಿಗಿದ್ರು, ಸರಕು ಎಸೆದ್ರು, ಎಷ್ಟೋ ದಿನ ಸೂರ್ಯನೂ ಇಲ್ಲ ನಕ್ಷತ್ರನೂ ಇಲ್ಲ. ನಾವು ಉಳೀತೀವಿ ಅನ್ನೋ ಆಸೆನೇ ಹೋಯ್ತು ಅಂತಾನೆ ಈ ಪುಸ್ತಕ ಬರೆದ ಲೂಕ, ತನ್ನನ್ನೂ ಸೇರಿಸ್ಕೊಂಡೇ ಹೇಳ್ತಾನೆ, ಏನೂ ಮುಚ್ಚಿಡಲ್ಲ. ದೇವದೂತ ಬಂದು ಪೌಲನಿಗೂ ಭಯಪಡಬೇಡ ಅನ್ನಬೇಕಾಯ್ತು, ಹೆದರಿಕೆನೇ ಇಲ್ಲದವನಿಗೆ ಆ ಮಾತು ಯಾಕೆ ಬೇಕಿತ್ತು ಹೇಳಿ.

ಆಮೇಲೆ ಪೌಲ ಎದ್ದು ನಿಂತು ಎಲ್ಲರಿಗೂ ಹೇಳಿದ್ದು, ಧೈರ್ಯವಾಗಿರಿ, ಯಾರ ಪ್ರಾಣನೂ ಹೋಗಲ್ಲ, ಆದ್ರೆ ಹಡಗು ಹೋಗುತ್ತೆ ಅಂತ. ಹಡಗೂ ಉಳಿಯುತ್ತೆ ಅಂತ ಸಮಾಧಾನಕ್ಕೂ ಹೇಳ್ಲಿಲ್ಲ! 14ನೇ ರಾತ್ರಿ ನೀರಿನ ಆಳ ನೋಡಿದ್ರೆ 20 ಮಾರು, ಸ್ವಲ್ಪ ಮುಂದೆ 15 ಮಾರು, ಬಂಡೆಗೆ ಬಡಿಯೋ ಭಯಕ್ಕೆ 4 ಲಂಗರು ಇಳಿಸಿ ಯಾವಾಗ ಬೆಳಗಾಗುತ್ತೋ ಅಂತ ಕಾಯ್ತಾ ಕೂತಿದ್ದಾರೆ. ಅಷ್ಟು ದಿನ ಸರಿಯಾಗಿ ಊಟ ಮಾಡಿರದ ಜನ. ಪೌಲ ರೊಟ್ಟಿ ತಗೊಂಡು ಎಲ್ಲರ ಮುಂದೆ ದೇವರಿಗೆ ಸ್ತೋತ್ರ ಹೇಳಿ, ಮುರಿದು ತಾನೇ ತಿನ್ನೋಕೆ ಶುರು ಮಾಡ್ದ. ಅವನನ್ನ ನೋಡಿ ಅಲ್ಲಿದ್ದ 276 ಜನಕ್ಕೂ ಧೈರ್ಯ ಬಂತು, ಅವರೂ ತಿಂದ್ರು. ಬೆಳಗ್ಗೆ ಹಡಗು ಒಡೀತು, ಈಜು ಬರೋರು ಈಜಿ, ಬರದೇ ಇರೋರು ಹಲಗೆ ಹಿಡ್ಕೊಂಡು ಎಲ್ಲರೂ ಮಾಲ್ಟಾ ದಡ ಸೇರಿದ್ರು.

ನನಗೆ ಇದು ಅರ್ಥ ಆಗಿದ್ದು ಅಪ್ಪ ಐಸಿಯುನಲ್ಲಿದ್ದಾಗ. ಸಭೆಯ ವಿಮೆನ್ಸ್ ಫೆಲೋಶಿಪ್ ಆಂಟಿ ಒಬ್ರು ರಾತ್ರಿ ಬಂದ್ರು, ಅಮ್ಮನ ತಲೆ ಮೇಲೆ ಕೈಯಿಟ್ಟು ಚಿಕ್ಕ ಪ್ರಾರ್ಥನೆ ಮಾಡಿದ್ರು, ಆಮೆನ್ ಅಂದ ತಕ್ಷಣ ಕ್ಯಾರಿಯರ್ ಬಿಚ್ಚಿ ಬೇಳೆಸಾರು ಅನ್ನ ಕಲಸಿ ಅಮ್ಮನ ಕೈಗೆ ತಟ್ಟೆ ಕೊಟ್ರು, "ತಿನ್ನಮ್ಮ, ನಾಳೆ ಡಾಕ್ಟ್ರು ಏನೇ ಹೇಳಿದ್ರೂ ಕೇಳೋಕೆ ಶಕ್ತಿ ಬೇಕಲ್ವಾ" ಅಂದ್ರು. ಎಲ್ಲಾ ಸರಿಹೋಗುತ್ತೆ ಅಂತ ಒಂದ್ಸಲನೂ ಅನ್ನಲಿಲ್ಲ. ಅಪ್ಪ ಉಳೀಲಿಲ್ಲ. ಆದ್ರೆ ಆ ರಾತ್ರಿ ಅಮ್ಮ ಊಟ ಮಾಡಿ ಬೆಂಚ್ ಮೇಲೆ ಮಲಗಿ ಸ್ವಲ್ಪ ಹೊತ್ತು ನಿದ್ದೆ ಮಾಡಿದ್ರು, ಅದನ್ನ ಕೊಟ್ಟಿದ್ದು ದೇವರೇ ಅಂತ ನಾನು ಪೂರ್ತಿ ನಂಬ್ತೀನಿ.

ಈಗ ಯಾರಾದ್ರೂ ಆಸ್ಪತ್ರೆಯಲ್ಲಿ ಕೂತು ಇದನ್ನ ಓದ್ತಾ ಇದ್ರೆ ಇನ್‌ಬಾಕ್ಸ್ ಮಾಡಿ, ಯಾವ ಧರ್ಮದವರಾದ್ರೂ ಸರಿ. ಹೆಸರು ಹೇಳಿ ಪ್ರಾರ್ಥನೆ ಮಾಡ್ತೀನಿ, ಬೆಂಗಳೂರಲ್ಲೇ ಇದ್ರೆ ಊಟ ತಗೊಂಡು ಬರ್ತೀನಿ.