ಎಡಗಿವಿಯ ನಾಟಕ

ನಾಟಕಕ್ಕೆ ಹೋದವರಿಗೆಲ್ಲ ಪಾತ್ರಧಾರಿಯ ಮುಖ ಕಾಣುತ್ತದೆ. ನನಗೆ ಇಷ್ಟು ವರ್ಷ ಕಂಡಿದ್ದು ಅವನ ಎಡಗಿವಿ ಮಾತ್ರ. ಯಾವ ನಾಟಕಕ್ಕೆ ಹೋದರೂ ನಾನು ಕುರ್ಚಿಯ ಧೂಳು ಒರೆಸಿಕೊಳ್ಳುವಷ್ಟರಲ್ಲಿ ಯಾರೋ ಒಬ್ಬರು ಬಂದು, ‘ಸುಮ್ನೆ ಕೂತಿದ್ದೀರಲ್ಲ, ಸ್ವಲ್ಪ ಬರ್ರಿ’ ಅಂತ ಸೈಡ್ ವಿಂಗ್‌ಗೆ ಕರೆದುಕೊಂಡು ಹೋಗುತ್ತಾರೆ. ತಡವರಿಸದೆ ಓದುತ್ತೇನೆ, ಕನ್ನಡಕ ಹಾಕುತ್ತೇನೆ, ಯಾರ ಜೊತೆಯೂ ಜಗಳ ಆಡುವುದಿಲ್ಲ. ಈ ಮೂರೂ ಇರುವವನಿಗೆ ನಮ್ಮ ಕಡೆ ಮುಂದಿನ ಸಾಲಿನಲ್ಲಿ ಕೂರುವ ಯೋಗ ಇಲ್ಲ.

ಹಾಗಂತ ನಾನಿರುವುದು ನಾಟಕಕ್ಕೆ ಬರ ಬಿದ್ದ ಊರಲ್ಲ. ದಾವಣಗೆರೆ. ಹೊರಗಿನವರಿಗೆ ನಮ್ಮೂರು ಅಂದರೆ ಬೆಣ್ಣೆದೋಸೆ. ಸ್ವಲ್ಪ ಒಳಗೆ ಬಂದವರಿಗೆ ಮಂಡಕ್ಕಿ, ಮೆಣಸಿನಕಾಯಿ. ನಮ್ಮಪ್ಪನ ಕಾಲದವರಿಗೆ ಮಾತ್ರ ದಾವಣಗೆರೆ ಅಂದರೆ ಕಂಪನಿ ನಾಟಕ. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಇದೇ ಊರಿನದು. ಚಿಂದೋಡಿ ಲೀಲಾ ಅವರು ಸ್ಟೇಜಿನ ಮೇಲೆ ಮಾತು ಶುರು ಮಾಡಿದರೆ ಅಪ್ಪ ಕಡಲೆಕಾಯಿ ಬಿಡಿಸುವುದನ್ನೂ ನಿಲ್ಲಿಸುತ್ತಿದ್ದನಂತೆ. ಅವರಿಗೆ ಪದ್ಮಶ್ರೀ ಬಂದಾಗ ತನಗೇ ಬಂದಷ್ಟು ಖುಷಿಯಾಗಿತ್ತು ಅನ್ನುತ್ತಿದ್ದ. ಈಗ ವೃತ್ತಿ ರಂಗಭೂಮಿಗೆಂದೇ ಒಂದು ರಂಗಾಯಣವೂ ನಮ್ಮ ಕಡೆಗೆ ಬಂದಿದೆ. ಇಂಥ ಊರಲ್ಲಿದ್ದುಕೊಂಡು ಒಂದು ನಾಟಕವನ್ನು ಎದುರಿಗೆ ಕೂತು, ಮೊದಲಿನಿಂದ ಕೊನೆತನಕ ನೋಡಿಲ್ಲ ಅಂದರೆ, ಹೊಳೆ ದಂಡೆಯಲ್ಲಿ ಮನೆ ಕಟ್ಟಿ ಟ್ಯಾಂಕರ್ ನೀರು ತರಿಸಿದಂತೆ.

ದುಗ್ಗಮ್ಮನ ಜಾತ್ರೆಯಲ್ಲಾದರೂ ಈ ಆಸೆ ತೀರಿಸಿಕೊಳ್ಳೋಣ ಅಂದರೆ ಅದು ಬರುವುದೇ ಎರಡು ವರ್ಷಕ್ಕೊಮ್ಮೆ. 2024ರ ಮಾರ್ಚ್‌ನಲ್ಲಿ ಬಂದಾಗ ಮನಸ್ಸಿನಲ್ಲೇ ಶಪಥ ಮಾಡಿದ್ದೆ. ಕುಸ್ತಿ ಬೇಡ, ಕುರಿ ಕಾಳಗ ಬೇಡ, ಒಂದು ರಾತ್ರಿ ಆಟ ಸಾಕು. ದಾವಣಗೆರೆಯಲ್ಲಿ ಇರುವವನು ಇಂಥ ಶಪಥ ಮಾಡಬಾರದು. ಗುಡಿಯ ಮುಂದೆ ನಡೆಯುವುದು ಅರ್ಧ ಜಾತ್ರೆ, ಉಳಿದರ್ಧ ನಮ್ಮ ನಮ್ಮ ಮನೆಯ ನಡುಮನೆಯಲ್ಲಿ. ಒಂದು ದಿನ ಹೋಳಿಗೆ, ಮರುದಿನ ಖಾರದೂಟ. ಎರಡು ವರ್ಷ ಫೋನು ಕೂಡ ಮಾಡದ ಬೀಗರು ಅವತ್ತು ಬೆಳಗ್ಗೆಯೇ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾರೆ. 12 ಜನಕ್ಕೆ ಅಂತ ಅಕ್ಕಿ ಹಾಕಿದರೆ 31 ಜನ ಬಂದರು. ಅತ್ತ ನಾಟಕದ ಬೆಲ್ಲು ಹೊಡೆಯುವ ಹೊತ್ತಿಗೆ ಇತ್ತ ನಮ್ಮ ಗ್ಯಾಸು ಖಾಲಿ. ನಾನು ಪಕ್ಕದ ಬೀದಿಯವರ ಸಿಲಿಂಡರನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು, ಜನರ ನಡುವೆ ‘ದಾರಿ ಬಿಡ್ರಿ, ದಾರಿ ಬಿಡ್ರಿ’ ಅಂತ ಕೂಗಿಕೊಂಡು ಬರುತ್ತಿದ್ದೆ. ನನ್ನ ಟಿಕೆಟಿನಲ್ಲಿ ಬೀಗರು ನಾಟಕ ನೋಡಿ ಬಂದರು. ‘ಭಾಳ ಚೆನ್ನಾಗಿತ್ತು. ನೀವೂ ಬರಬೇಕಿತ್ತು’ ಅಂದರು. ಊಟಕ್ಕೂ ಮೊದಲು ಅಂದರೋ, ಆಮೇಲೆ ಅಂದರೋ ನೆನಪಿಲ್ಲ. ನಾನು ಬಡಿಸುತ್ತಿದ್ದೆ.

ಇದು ಸಣ್ಣ ಪೆಟ್ಟು. ದೊಡ್ಡದು ಬಿದ್ದಿದ್ದು ನಮ್ಮ ಹಳ್ಳಿಯಲ್ಲಿ.

ನಮ್ಮ ಮೂಲ ಊರು ಹೊಳಲ್ಕೆರೆ ಕಡೆ. ಅಲ್ಲಿ ಯುಗಾದಿ ಮುಗಿದ ಮೇಲೆ ಹುಡುಗರು ಒಂದು ಸಾಮಾಜಿಕ ನಾಟಕ ಆಡುತ್ತಾರೆ. ಆಡುತ್ತಾರೆ ಅನ್ನುವುದಕ್ಕಿಂತ ದುಡ್ಡು ಕೊಟ್ಟು ಆಡುತ್ತಾರೆ ಅನ್ನಬೇಕು. ಪಾತ್ರಕ್ಕೊಂದು ರೇಟು. ನಾಯಕನಿಗೆ ಜಾಸ್ತಿ, ಖಳನಾಯಕನಿಗೆ ಸ್ವಲ್ಪ ಕಡಿಮೆ, ಪೊಲೀಸ್ ಪಾರ್ಟು ಅಗ್ಗ, ಯಾಕೆಂದರೆ ಅವನು ಬರುವುದು ಎಲ್ಲ ಮುಗಿದ ಮೇಲೆ. ಆ ದುಡ್ಡಿನಲ್ಲಿ ಸೀನರಿ, ಮೈಕ್‌ಸೆಟ್ಟು, ಕ್ಯಾಸಿಯೋ ನುಡಿಸುವವರು, ಹಾರ್ಮೋನಿಯಂ ಮಾಸ್ತರು ಎಲ್ಲ ಬರಬೇಕು. ಹೆಣ್ಣು ಪಾತ್ರಕ್ಕೆ ಪೇಟೆಯಿಂದ ಕಲಾವಿದೆಯರು ಬರುತ್ತಾರೆ. ನಮ್ಮ ಹುಡುಗರು ಎರಡು ತಿಂಗಳು ತಾಲೀಮು ಮಾಡಿರುತ್ತಾರೆ. ಆ ಕಲಾವಿದೆಯರು ನಾಟಕದ ದಿನ ಸಂಜೆ ಬಸ್ಸಿಳಿದು, ಚಾ ಕುಡಿದು, ‘ಯಾವ ನಾಟಕ ಅಣ್ಣಾ ಇವತ್ತು?’ ಅಂತ ಕೇಳಿ ಬಣ್ಣ ಹಚ್ಚಿಕೊಳ್ಳುತ್ತಾರೆ. ಮಾತು ಮರೆಯುವುದು ಮಾತ್ರ ನಮ್ಮವರೇ.

ಹೋದ ವರ್ಷ ನಾಯಕನ ಪಾರ್ಟು ನಮ್ಮ ದೊಡ್ಡಪ್ಪನ ಮಗನದು. ಅವನು 15 ಸಾವಿರ ಕೊಟ್ಟಿದ್ದ. ‘ಅಣ್ಣ, ನೀನು ಮುಂದಿನ ಸಾಲಿನಲ್ಲೇ ಕೂರಬೇಕು, ಕುರ್ಚಿಗೆ ಟವೆಲ್ ಹಾಕ್ಸಿರ್ತೀನಿ’ ಅಂದಿದ್ದ. ನಂಬಿದೆ. ಊರ ಬಾಗಿಲಿಗೆ ಹೋಗಿ ನೋಡಿದರೆ ಫ್ಲೆಕ್ಸಿನಲ್ಲಿ ನನ್ನ ಫೋಟೋ. ಕೆಳಗೆ ‘ನಿರೂಪಣೆ’ ಅಂತ. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಫೋಟೋ ವಾಟ್ಸಾಪ್ ಡಿಪಿಯಿಂದ ಎತ್ತಿದ್ದು, ಭಾಮೈದನ ಮದುವೆಯಲ್ಲಿ ನಾನೂ ನನ್ನ ಹೆಂಡತಿಯೂ ನಿಂತಿದ್ದು. ಫ್ಲೆಕ್ಸ್ ಮಾಡುವ ಹುಡುಗ ಹೆಂಡತಿಯನ್ನು ಕತ್ತರಿಸಿದ್ದ. ಆದರೆ ನನ್ನ ಹೆಗಲ ಮೇಲಿದ್ದ ಅವಳ ಕೈಯನ್ನು ತೆಗೆಯಲು ಆಗಿರಲಿಲ್ಲ. ಆಳೆತ್ತರದ ನಾನು, ಹೆಗಲ ಮೇಲೆ ಮೊಣಕೈತನಕ ಯಾರದೋ ಕೈ, ಕೈತುಂಬ ಹಸಿರು ಬಳೆ. ನಮ್ಮ ಅಜ್ಜಿಯ ವಾರಿಗೆಯ ಒಬ್ಬರು ಬಹಳ ಹೊತ್ತು ನೋಡಿ, ‘ಯಾರದಪ್ಪಾ ಅದು ಕೈ?’ ಅಂತ ಕೇಳಿದರು. ಹೆಂಡತಿ ಪಕ್ಕದಲ್ಲೇ ಇದ್ದಳು. ‘ನಂದೇ ಅಜ್ಜಿ’ ಅಂತ ಕೈ ಎತ್ತಿ ತೋರಿಸಿದಳು. ಅಜ್ಜಿ ಫ್ಲೆಕ್ಸನ್ನೂ ಕೈಯನ್ನೂ ಎರಡು ಸಲ ನೋಡಿ ಒಪ್ಪಿಕೊಂಡರು.

ರಾತ್ರಿ ಸೈಡ್ ವಿಂಗ್‌ಗೆ ಹೋದ ಮೇಲೆ ಗೊತ್ತಾಯಿತು, ನಿರೂಪಣೆ ಅಂದರೆ ಮುಯ್ಯಿ ಓದುವುದು. ಮೆಚ್ಚಿದವರು ಪಾತ್ರಧಾರಿಗಳಿಗೆ ದುಡ್ಡು ಕಳಿಸುತ್ತಾರೆ, ಜೊತೆಗೊಂದು ಚೀಟಿ. ಅದನ್ನು ಮೈಕಿನಲ್ಲಿ ಓದಬೇಕು. ಇಷ್ಟೇ ಆಗಿದ್ದರೆ ಸರಿ. ಮಾತು ಎತ್ತಿಕೊಡುವವನಿಗೆ ಗಂಟಲು ಕಟ್ಟಿದೆ, ಅದನ್ನೂ ನೀವೇ ನೋಡಿಕೊಳ್ಳಿ ಅಂದರು. ಹೀಗೆ ಬಲಗೈಯಲ್ಲಿ ಮೈಕು, ಎಡಗೈಯಲ್ಲಿ ನಾಟಕದ ಪುಸ್ತಕ, ಕಂಕುಳಲ್ಲಿ ಟಾರ್ಚು ಇಟ್ಟುಕೊಂಡು ನಾನು ನಿಂತೆ. ಮುಯ್ಯಿ ಓದಿ ಆದ ತಕ್ಷಣ ಮೈಕಿನ ಗುಂಡಿ ಕೆಳಗೆ ಮಾಡಬೇಕು ಅಂತ ಮೈಕ್‌ಸೆಟ್ ಹುಡುಗ ಎರಡು ಸಲ ಹೇಳಿದ್ದ. ಮೊದಲನೆಯ ಮುಯ್ಯಿ ಓದಿದೆ. ಗುಂಡಿ ಮರೆತೆ.

ಆಗ ನಡೆಯುತ್ತಿದ್ದುದು ನಾಯಕ, ನಾಯಕಿ ಹೊಲದ ಬದುವಿನಲ್ಲಿ ಮೊದಲ ಸಲ ಮಾತಾಡುವ ಸೀನು. ದೊಡ್ಡಪ್ಪನ ಮಗ ಬಾಯಿ ತೆರೆದುಕೊಂಡು ನಿಂತ. ನಾನು ಮೆಲ್ಲಗೆ, ‘ಗೌರೀ, ನಿನ್ನ ಕಂಡ ಕ್ಷಣದಿಂದ’ ಅಂದೆ. ಅವನು, ‘ಗೌರೀ, ನಿನ್ನ ಕಂಡ ಕ್ಷಣದಿಂದ’ ಅಂದ. ಜನ ಗೊಳ್ಳೆಂದು ನಕ್ಕರು. ಇಷ್ಟು ಬೇಗ ಜನರನ್ನು ಹಿಡಿದನಲ್ಲ, ಪರವಾಗಿಲ್ಲ ಹುಡುಗ ಅಂದುಕೊಂಡೆ. ‘ನನಗೆ ನಿದ್ದೆಯಿಲ್ಲ’ ಅಂದೆ. ಅವನೂ ಅಂದ. ಮತ್ತೆ ನಗು. ‘ಕೈ ಹಿಡಿ. ಲೇ, ಆ ಕೈ ಅಲ್ಲ, ಈ ಕಡೆ ಕೈ. ಮೆಲ್ಲಗೆ ಹಿಡಿ, ಅದೇನು ಟ್ರ್ಯಾಕ್ಟರ್ ಗೇರಾ?’ ಅಂದೆ. ಸಿಳ್ಳೆ ಬಿತ್ತು. ಹೀಗೆ ಕಾಲು ಗಂಟೆ ನಮ್ಮೂರಿಗೆ ಎರಡು ನಾಟಕ ನಡೆಯಿತು. ಒಂದು ಸ್ಟೇಜಿನ ಮೇಲೆ, ಅದಕ್ಕಿಂತ ಒಂದು ಮಾತು ಮುಂದೆ ಬೇವಿನ ಮರದ ಹಾರ್ನಿನಲ್ಲಿ. ಕೊನೆಗೆ ಆರು ವರ್ಷದ ಒಬ್ಬ ಹುಡುಗ ಪರದೆ ಸಂದಿಯಿಂದ ತಲೆ ಹಾಕಿ, ‘ಮಾಮಾ, ನಿಮ್ದೇ ಚೆನ್ನಾಗಿ ಕೇಳ್ತೈತೆ’ ಅಂದ.

ಗುಂಡಿ ಕೆಳಗೆ ಮಾಡಿದೆ. ಅಪಾಯ ಇದ್ದದ್ದು ಗುಂಡಿಯಲ್ಲಲ್ಲ, ಚೀಟಿಯಲ್ಲಿ.

ನಮ್ಮೂರಲ್ಲಿ ಹನುಮಂತಪ್ಪ ಅನ್ನುವ ಹೆಸರಿನವರು ಒಂಬತ್ತು ಜನ. ಗುರುತಿಗೆ ಪ್ರತಿಯೊಬ್ಬರಿಗೂ ಒಂದು ಅಡ್ಡಹೆಸರು. ಆ ಅಡ್ಡಹೆಸರು ಊರಿಗೆಲ್ಲ ಗೊತ್ತು, ಅವರ ಎದುರಿಗೆ ಮಾತ್ರ ಯಾರೂ ಅನ್ನುವುದಿಲ್ಲ. ಚೀಟಿ ಬರೆಯಲು ಕೂತವನು ಹತ್ತನೇ ಕ್ಲಾಸಿನ ಹುಡುಗ. ಲೆಕ್ಕ ತಪ್ಪಬಾರದು ಅಂತ ಯಾರು ಹೇಗೆ ಗೊತ್ತೋ ಹಾಗೇ ಬರೆದಿದ್ದ. ನಾನು ಹಳ್ಳಿ ಬಿಟ್ಟು 20 ವರ್ಷ. ಗಟ್ಟಿಯಾಗಿ, ತಡವರಿಸದೆ, ‘ಶ್ರೀಯುತ ಬಾಂಡ್ಲಿ ಹನುಮಂತಪ್ಪನವರಿಂದ ನಾಯಕ ಪಾತ್ರಧಾರಿಗೆ 101 ರೂಪಾಯಿ’ ಅಂತ ಓದಿದೆ. ಎಲ್ಲೂ ಸದ್ದಿಲ್ಲ. ಕ್ಯಾಸಿಯೋ ಕೂಡ ನಿಂತಿತು. ಯಾವುದೋ ಕಾಲದಲ್ಲಿ ಯಾರದೋ ಬಾಂಡ್ಲಿ ಇಸಕೊಂಡು ಹೋಗಿ ವಾಪಸ್ ಕೊಡಲಿಲ್ಲವಂತೆ ಆ ಮನುಷ್ಯ. ಅವರು ಎದ್ದು ನಿಂತು, ‘ಯಾವನ್ಲೇ ಅವನು ಓದಿದೋನು?’ ಅಂದರು. ಜಗಳ ಆಡದವನು ಅಂತ ನನಗೆ ಹೆಸರಿತ್ತಲ್ಲ, ನಾನು ಪರದೆಯ ಹಿಂದೆ ಸರಿದೆ. ಅವರು ಸ್ಟೇಜಿಗೇ ಬಂದು, ದೊಡ್ಡಪ್ಪನ ಮಗನ ಅಂಗಿಗೆ ಪಿನ್ನು ಹಾಕಿದ್ದ ನೋಟನ್ನು ಬಿಚ್ಚಿಕೊಂಡು, ನೂರು ತಮ್ಮ ಜೇಬಿಗೆ ಹಾಕಿಕೊಂಡು, ಒಂದು ರೂಪಾಯಿ ಅಲ್ಲೇ ಬಿಟ್ಟು ಇಳಿದು ಹೋದರು.

ನಾಟಕ ಮುಗಿಯುವ ಹೊತ್ತಿಗೆ ತಾಯಿ ಸಾಯುವ ಸೀನು. ಪೇಟೆಯಿಂದ ಬಂದಿದ್ದ ಹಿರಿಯ ಕಲಾವಿದೆ ಎಷ್ಟು ಚೆನ್ನಾಗಿ ಮಾಡುತ್ತಿದ್ದರು ಅಂದರೆ, ಮುಂದಿನ ಸಾಲಿನ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡಿದ್ದರು. ನಾನು ಪುಸ್ತಕ ನೋಡುವುದನ್ನೇ ಬಿಟ್ಟಿದ್ದೆ. ಅಷ್ಟರಲ್ಲಿ ಕಮಿಟಿಯವರೊಬ್ಬರು ಹಿಂದಿನಿಂದ ತಿವಿದು ಒಂದು ಚೀಟಿ ಕೊಟ್ಟರು. ‘ಈಗಲೇ ಓದ್ರಿ, ಬಸ್ಸಿಗೆ ಹೋಗ್ತಾರಂತೆ.’ ಓದಿದೆ. ‘ತಾಯಿ ಪಾತ್ರಧಾರಿಯ ಅಭಿನಯವನ್ನು ಮೆಚ್ಚಿ 501 ರೂಪಾಯಿ.’ ಕೊಟ್ಟವರು ತಾವೇ ನೋಟು ಹಿಡಿದು ಸ್ಟೇಜ್ ಹತ್ತಿಬಿಟ್ಟರು. ಆ ತಾಯಿ ಮಗನ ತೊಡೆಯ ಮೇಲೆ ತಲೆ ಇಟ್ಟುಕೊಂಡೇ, ಕಣ್ಣು ತೆರೆಯದೆ, ತುಟಿ ಮಾತ್ರ ಅಲ್ಲಾಡಿಸಿ ಅಂದರು: ‘ಅಣ್ಣಾ, ಒಂದು ನಿಮಿಷ ತಡೀರಿ, ಸಾಯ್ತಾ ಇದ್ದೀನಿ.’ ಅವರು ಪಕ್ಕದಲ್ಲಿ ಕೈಕಟ್ಟಿ ನಿಂತು ಕಾದರು. ಆಕೆ ಮೂರು ಮಾತು ಹೇಳಿ, ಒಂದು ಸಲ ಬಿಕ್ಕಿ, ಜೀವ ಬಿಟ್ಟರು. ಆಮೇಲೆ ಎದ್ದು, ನಮಸ್ಕಾರ ಮಾಡಿ, ನೋಟು ತಗೊಂಡು, ಮತ್ತೆ ಮಲಗಿ ಸತ್ತರು. ನಮ್ಮ ನಾಯಕನಿಗೆ ಅಳು ಬರಲಿಲ್ಲ. ‘ಅಳು ಮಗನೇ’ ಅಂತ ಎತ್ತಿಕೊಟ್ಟವರೂ ಸತ್ತ ತಾಯಿಯೇ.

ಇಷ್ಟಾದ ಮೇಲೆ ನಮ್ಮ ಬಳಗದ ನಾಟಕಗಳಿಗೆ ಕೈಮುಗಿದೆ. ನವೆಂಬರ್‌ನಲ್ಲಿ ಹೆಂಡತಿ, ಮಗಳನ್ನು ಕರೆದುಕೊಂಡು ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಗೆ ಹೋದೆ. ಅಲ್ಲಿ ಪಂಡಿತಾರಾಧ್ಯ ಸ್ವಾಮಿಗಳ ಮಠದಲ್ಲಿ ವರ್ಷಕ್ಕೊಮ್ಮೆ ನಾಟಕೋತ್ಸವ ಆಗುತ್ತದೆ. 1997ರಲ್ಲಿ ಶುರುವಾದ ಶಿವಸಂಚಾರ ಅಲ್ಲಿಯದೇ ತಂಡ, ವರ್ಷಕ್ಕೆ ಮೂರು ನಾಟಕ ಕಲಿತು ಊರೂರು ತಿರುಗುತ್ತದೆ. ಬಯಲು ರಂಗಮಂದಿರ, ಮೆಟ್ಟಿಲ ಮೇಲೆ ಕೂತರೆ ಎದುರಿಗೇ ರಂಗ. ನನ್ನನ್ನು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾರೂ ‘ಸ್ವಲ್ಪ ಬರ್ರಿ’ ಅನ್ನಲಿಲ್ಲ. ಪಾತ್ರಧಾರಿಗಳಿಗೆ ಎರಡು ಕಿವಿ, ನಡುವೆ ಮುಖ ಎಲ್ಲ ಇತ್ತು.

ಅರ್ಧ ನಾಟಕ ಆಗಿತ್ತು. ನಟನೊಬ್ಬ ಮಾತಿನ ನಡುವೆ ನಿಲ್ಲಿಸಿ, ಆಕಾಶ ನೋಡುತ್ತಾ ನಿಂತ. ಅಷ್ಟು ಜನರಲ್ಲಿ ಒಬ್ಬರೂ ಕೆಮ್ಮಲಿಲ್ಲ. ನನ್ನ ಎದೆ ಹೊಡೆದುಕೊಳ್ಳತೊಡಗಿತು. ಮರೆತ. ಖಂಡಿತ ಮರೆತ. ಆ ನಾಟಕದ ಒಂದು ಸಾಲೂ ನನಗೆ ಗೊತ್ತಿರಲಿಲ್ಲ, ಆದರೂ ಬಾಯಿ ಸುಮ್ಮನಿರಲಿಲ್ಲ. ‘ಏನಾದರೂ ಹೇಳೋ’ ಅಂದುಬಿಟ್ಟೆ. ಮುಂದಿನ ಮೂರು ಸಾಲಿನವರು ತಿರುಗಿ ನೋಡಿದರು. ಮಗಳು ಸ್ವೆಟರ್ ತಲೆ ಮೇಲೆ ಎಳೆದುಕೊಂಡಳು. ಕೆಳಗೆ ನಟ ನಿಧಾನವಾಗಿ ಕಣ್ಣಿಳಿಸಿ ತನ್ನ ಮಾತು ಮುಂದುವರಿಸಿದ.

ಮರುದಿನ ಬೆಳಗ್ಗೆ ವಾಪಸ್ ಬರುವಾಗ ನಮ್ಮ ಹಳ್ಳಿಯ ಮೇಲೆ ಬಂದೆವು. ಮೆಕ್ಕೆಜೋಳ ಒಣಗಿಸುವ ಕಾಲ, ರಸ್ತೆಯ ಅರ್ಧ ಕಾಳು, ಅರ್ಧ ನಾವು. ರಾತ್ರಿ ಮಳೆ ಹನಿದಿತ್ತು. ಊರ ಮುಂದಿನ ರಾಶಿಗೆ ಹಳೇ ಫ್ಲೆಕ್ಸ್ ಹೊದಿಸಿ, ಹಾರದಂತೆ ಅಂಚಿಗೆ ಕಲ್ಲು ಹೇರಿದ್ದರು. ರಾಶಿ ಕಾಯುತ್ತಾ ಕೂತಿದ್ದವರು ಬಾಂಡ್ಲಿ, ಅಲ್ಲ, ಹನುಮಂತಪ್ಪನವರು. ನಾನು ಕಾರಿನ ಗಾಜು ಏರಿಸಿಕೊಂಡೆ. ಹೆಂಡತಿ ಮಾತ್ರ ಇಳಿದು ಹೋಗಿ ಮಾತಾಡಿಸಿ ಬಂದಳು. ಬಂದು ಬಾಗಿಲು ಹಾಕಿಕೊಂಡು ಅಂದಳು:

‘ನಿಮ್ಮ ಮುಖದ ಮೇಲೆ ದೊಡ್ಡದೊಂದು ಕಲ್ಲು ಇಟ್ಟಾರೆ ರೀ. ನನ್ನ ಕೈ ಚೆನ್ನಾಗಿ ಕಾಣ್ತೈತೆ.’