ಕಿತ್ತ ಗಿಡ ಹೋಗೋದೆಲ್ಲಿಗೆ?

ಕಾಫಿ ಗಿಡದ ಕಾಂಡವನ್ನು ಒಳಗಿಂದ ಕೊರೆದು ತಿನ್ನುವ ಹುಳ ಬಿಳಿ ಕಾಂಡಕೊರಕ. ಅದು ಹಬ್ಬಲು ಸಣ್ಣ ಬೆಳೆಗಾರರ ಉದಾಸೀನವೇ ಕಾರಣ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಒಪ್ಪಲ್ಲ. ಮೂರು ಎಕರೆಯವನಿಗೆ ತನ್ನ ಒಂದೊಂದು ಅರೇಬಿಕಾ ಕಾಫಿ ಗಿಡದ ಗುರುತೂ ಇರುತ್ತೆ. ಎಲೆ ಹಳದಿಗೆ ತಿರುಗಿದ್ದು, ತೊಗಟೆ ಮೇಲೆ ಏಣು ಎದ್ದದ್ದು ಮೊದಲು ಕಾಣೋದು ಅವನಿಗೇ. ಆದರೆ ಹುಳ ಬಿದ್ದ ಗಿಡ ಕಿತ್ತ ಜಾಗದಲ್ಲಿ ನೆಟ್ಟ ಗಿಡ ಫಸಲಿಗೆ ಬರಲು ಮೂರ್ನಾಲ್ಕು ವರ್ಷ. ಅಲ್ಲೀತನಕ ಸಾಲದ ಕಂತು ಯಾರು ಕಟ್ಟಬೇಕು? ಅದರ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲ.

ಕಿತ್ತದ್ದನ್ನು ಸುಡಿ ಅಂತೀರಿ. ನಮ್ಮ ಮೂಡಿಗೆರೆ ಕಡೆ ಅದು ಬಚ್ಚಲೊಲೆಯ ಸೌದೆಯಾಗಿ ಹಿತ್ತಲಲ್ಲಿ ರಾಶಿ ಬೀಳುತ್ತೆ. ಒಳಗಿನ ಹುಳ ಅಲ್ಲೇ ಬೆಳೆದು, ಏಪ್ರಿಲ್-ಮೇಯಲ್ಲೋ ಅಕ್ಟೋಬರ್-ಡಿಸೆಂಬರಿನಲ್ಲೋ ದುಂಬಿಯಾಗಿ ಹೊರಬಿದ್ದು ಸೀದಾ ತೋಟಕ್ಕೆ ಹಾರುತ್ತೆ. ಸೌದೆ ಬೇಕೇ ಬೇಕು ಅನ್ನೋರು ವಾರ-ಹತ್ತು ದಿನ ನೀರಲ್ಲಿ ಮುಳುಗಿಸಿಟ್ಟು ಆಮೇಲೆ ಒಣಗಿಸಿಕೊಳ್ಳಲಿ. ಇಂಥದ್ದನ್ನು ಬರೆದಿದ್ದರೆ ನಾಲ್ಕು ಜನಕ್ಕೆ ಉಪಯೋಗವಾಗ್ತಿತ್ತು.

ಇನ್ನು, ಇಳುವರಿಗಾಗಿ ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯೋದು) ಜೋರಾಗಿ ಮಾಡಿಸಿ ಅನ್ನೋ ನಿಮ್ಮ ಸಲಹೆ! ನೆರಳು ಹೋಗಿ ಬಿಸಿಲು ಬೀಳುವ ಕಾಂಡದ ತೊಗಟೆ ಬಿರುಕೇ ಆ ದುಂಬಿ ಮೊಟ್ಟೆಯಿಡಲು ಹುಡುಕೋ ಜಾಗ. ಅರೇಬಿಕಾ ತೋಟದವರು ಆ ಸಲಹೆಯನ್ನು ಮಾತ್ರ ಕೇಳಬೇಡಿ.